ಗುಡಾರ ಹೂಡಿ ಕಲಿತ ನಾಡು

ಸ್ಕೌಟ್ ಚಳವಳಿಗೆ ತನ್ನದೇ ಆದ ಕ್ಷೇತ್ರಗಳಿವೆ. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಪ್ಪತ್ತರಷ್ಟು ಹುಡುಗರನ್ನು ಕಟ್ಟಿಕೊಂಡು ಮೊಟ್ಟಮೊದಲ ಶಿಬಿರ ನಡೆಸಿದ ಬ್ರೌನ್‌ಸೀ ದ್ವೀಪ ಅಂಥದೊಂದು. 1919ರಿಂದ ಸ್ಕೌಟ್ ಮಾಸ್ತರರನ್ನು ತಯಾರು ಮಾಡುತ್ತ ಬಂದ ಲಂಡನ್ ಬಳಿಯ ಗಿಲ್ವೆಲ್ ಪಾರ್ಕ್ ಇನ್ನೊಂದು. ನಮ್ಮ ರಾಜ್ಯಕ್ಕೂ ಈ ಚಳವಳಿಯ ಹಳೆಯ ನಂಟಿದೆ. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಅದು ಬಿಳಿಯರ ಮಕ್ಕಳಿಗಾಗಿ ಇತ್ತು. ನಮ್ಮ ಮಕ್ಕಳಿಗೂ ಆ ಬಾಗಿಲು ತೆರೆಯಬೇಕೆಂದು ದುಡಿದವರಲ್ಲಿ ಆನಿ ಬೆಸೆಂಟ್ ಮುಂಚೂಣಿಯವರು. ದೊಡ್ಡಬಳ್ಳಾಪುರದ ಶಿಬಿರ ತಾಣಕ್ಕೆ ಅವರ ಹೆಸರಿದೆ. ದಾವಣಗೆರೆ ಸೀಮೆಯ ಕೊಂಡಜ್ಜಿ ಎಂದೊಡನೆ ಹಳೆಯ ಸ್ಕೌಟುಗಳಿಗೆ ಕೆರೆ, ಗುಡ್ಡ, ಗುಡಾರಗಳ ಸಾಲು ಕಣ್ಮುಂದೆ ಬರುತ್ತವೆ.

ಬೈಲಹೊಂಗಲ ಕಡೆಯ ನಮ್ಮ ಶಾಲೆಯ ದಳಕ್ಕೆ ಅಂಥ ಬೇಲಿ ಹಾಕಿದ ತಾಣವಿರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇಷ್ಟೂ ನಮಗೆ ಒಂದೇ ಶಿಬಿರದ ಬಯಲು. ಆಗ ಕಿತ್ತೂರು ಬೈಲಹೊಂಗಲ ತಾಲೂಕಿನಲ್ಲೇ ಇತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಖಾಕಿ ಚಡ್ಡಿ, ಕೊರಳಿಗೆ ಸ್ಕಾರ್ಫ್, ಕೈಯಲ್ಲೊಂದು ಲಾಠಿ, ಬೆನ್ನ ಮೇಲೆ ಕಂಬಳಿ ಸುತ್ತಿದ ಗಂಟು. ಎಲ್ಲರ ಮನೆಯಲ್ಲೂ ಬೂಟು ಕೊಳ್ಳುವ ಶಕ್ತಿ ಇರಲಿಲ್ಲ, ಚಪ್ಪಲಿಯಲ್ಲೇ ನಡೆದವರು ಹಲವರು. ನಮ್ಮ ಸ್ಕೌಟ್ ಮಾಸ್ತರರು ಗಣಿತ ಕಲಿಸುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಯಾವ ಊರಿಗೆ ಹೋದರೂ ಅಲ್ಲಿ ನೋಡಬೇಕಾದ್ದನ್ನು ಮೊದಲು ತೋರಿಸುತ್ತಿರಲಿಲ್ಲ, ಮಾಡಬೇಕಾದ ಕೆಲಸ ಹೇಳುತ್ತಿದ್ದರು. ಕೋಟೆ ಎಂದರೆ ಅದರ ಎತ್ತರ ಅಳೆಯಬೇಕು, ಹೊಳೆ ಎಂದರೆ ಅದರ ಅಗಲ ಹೇಳಬೇಕು, ಜಾತ್ರೆ ಎಂದರೆ ಅಲ್ಲಿ ನೀರು ಕೊಡಬೇಕು. ಕೆಲಸ ಮುಗಿದ ಮೇಲೆ ಕತೆ. ನನ್ನ ನಾಡಿನ ಮಹತ್ವದ ಜಾಗಗಳೆಲ್ಲ ನನಗೆ ಪರಿಚಯವಾದದ್ದು ಹೀಗೆ.

ಪ್ರತಿ ನಡಿಗೆ ಶುರುವಾಗುತ್ತಿದ್ದದ್ದು ಬೈಲಹೊಂಗಲದಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯಿಂದ. ಕಿತ್ತೂರಿನ ಪತನದ ನಂತರ ರಾಣಿಯನ್ನು ಇಂಗ್ಲಿಷರು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿಯಲ್ಲಿ ಅವಳು ಅಲ್ಲೇ ತೀರಿಕೊಂಡಳು. ಸಮಾಧಿಯ ಮುಂದೆ ಸಾಲಾಗಿ ನಿಂತು, ಮೂರು ಬೆರಳೆತ್ತಿ ವಂದಿಸಿ, ಸ್ಕೌಟ್ ಪ್ರತಿಜ್ಞೆ ಹೇಳಿ ಹೊರಡುತ್ತಿದ್ದೆವು. ದೇವರು ಮತ್ತು ದೇಶಕ್ಕೆ ಕರ್ತವ್ಯ, ಇತರರಿಗೆ ಸಹಾಯ ಎಂಬ ಮಾತುಗಳಿಗೆ ಆ ಜಾಗದಲ್ಲಿ ಒಂದು ತೂಕ ಬರುತ್ತಿತ್ತು. ಬಾಯಿಪಾಠದ ಮಾತು ನೆಲಕ್ಕೆ ಇಳಿಯುತ್ತಿತ್ತು.

ಕಿತ್ತೂರಿಗೆ ಎರೆಹೊಲಗಳ ನಡುವಿನ ಬಂಡಿದಾರಿ ಹಿಡಿದು ಹೋಗುತ್ತಿದ್ದೆವು. ಹತ್ತಿ ಒಡೆದು ಬೆಳ್ಳಗೆ ನಿಂತ ಹೊಲ, ಅದರಾಚೆ ಹಿಂಗಾರಿ ಜೋಳ. ದಾರಿಯುದ್ದಕ್ಕೂ ಮುಂದಿನ ತಂಡ ಬಿಟ್ಟುಹೋದ ಗುರುತು ಹುಡುಕಬೇಕು: ಕಲ್ಲಿನ ಮೇಲೆ ಕಲ್ಲು ಇಟ್ಟಿದ್ದರೆ ಇದೇ ದಾರಿ, ಪಕ್ಕದಲ್ಲಿ ಇನ್ನೊಂದು ಕಲ್ಲಿದ್ದರೆ ಆ ಬದಿಗೆ ತಿರುಗು. ಕೋಟೆ ತಲುಪಿದ ಕೂಡಲೇ ಕೆಲಸ. ಲಾಠಿಯನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆ, ಬುರುಜಿನ ನೆರಳು ಅಳೆ, ತ್ರೈರಾಶಿ ಹಾಕಿ ಎತ್ತರ ಹೇಳು. ಬುರುಜಿನ ಬುಡಕ್ಕೂ ನೆರಳಿನ ತುದಿಗೂ ನಡುವೆ ಹೆಜ್ಜೆ ಹಾಕುವಾಗ ಆ ಗೋಡೆಯ ದಪ್ಪ, ಕಲ್ಲಿನ ಕೂಡಿಕೆ, ಬಿರುಕಿನಲ್ಲಿ ಬೆಳೆದ ಆಲದ ಸಸಿ ಎಲ್ಲ ಕಣ್ಣಿಗೆ ಬೀಳುತ್ತಿದ್ದವು.

ಲೆಕ್ಕ ಒಪ್ಪಿಸಿದ ಮೇಲೆ ಮಾಸ್ತರರು ಹೆಬ್ಬಾಗಿಲ ಕಡೆ ಕೂರಿಸಿ 1824ರ ಅಕ್ಟೋಬರ್ 23ರ ಕತೆ ಹೇಳಿದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪುಗಳೊಡನೆ ಬಂದು ಬಾಗಿಲು ತೆರೆಯಲು ಗಡುವು ಕೊಟ್ಟದ್ದು, ಬಾಗಿಲು ತೆರೆದು ಒಳಗಿನ ದಂಡೇ ಹೊರಗೆ ನುಗ್ಗಿದ್ದು, ಥ್ಯಾಕರೆ ಬಿದ್ದದ್ದು, ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ರಾಣಿ ಜೀವಂತ ಕಾಪಾಡಿದ್ದು. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಕೈತಪ್ಪಿತು. ನಾವು ಅಳೆದ ಗೋಡೆಯ ಮುಂದೆ ಆ ಕತೆ ಕೇಳಿದಾಗ ಅದು ಪಾಠಪುಸ್ತಕದ ಕತೆಯಾಗಿ ಉಳಿಯಲಿಲ್ಲ. ಇಷ್ಟು ಎತ್ತರದ ಗೋಡೆಯ ಮೇಲೆ ನಿಂತವರಿಗೆ ಎಷ್ಟು ದೂರದಿಂದ ದಂಡು ಕಂಡಿರಬಹುದು ಎಂದು ಒಬ್ಬ ಹುಡುಗ ಕೇಳಿದ. ಅಂಥ ಪ್ರಶ್ನೆ ತರಗತಿಯ ಕೋಣೆಯಲ್ಲಿ ಹುಟ್ಟುವುದಿಲ್ಲ.

ಕಿತ್ತೂರಿನಲ್ಲಿ ನನ್ನ ಮನಸ್ಸು ಗೆದ್ದದ್ದು ಅರಮನೆಯ ಗೋಡೆಯಲ್ಲಿರುವ ಒಂದು ಕೊಳವೆ. ಧ್ರುವ ನಕ್ಷತ್ರ ನೋಡಲೆಂದೇ ಅದನ್ನು ಕೂರಿಸಿದ್ದಾರೆ. ಸ್ಕೌಟಿಗೆ ರಾತ್ರಿ ದಿಕ್ಕು ಕಾಣುವುದು ದೊಡ್ಡ ಪರೀಕ್ಷೆ. ಆ ಪರೀಕ್ಷೆಯ ಉತ್ತರ ನಮ್ಮ ದೇಸಾಯರ ಅರಮನೆಯ ಗೋಡೆಯಲ್ಲೇ ಇತ್ತು. ಅಂದು ರಾತ್ರಿ ಕೋಟೆಯ ಹೊರಗಿನ ಬಯಲಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತೆವು. ಎಳ್ಳಮವಾಸ್ಯೆಯ ಆಸುಪಾಸಿನ ಕತ್ತಲು, ಆಕಾಶ ತುಂಬ ಚಿಕ್ಕಿ. ಆ ಕಾಲದಲ್ಲಿ ಸಂಜೆ ಹೊತ್ತು ಸಪ್ತರ್ಷಿ ಮಂಡಲ ಇನ್ನೂ ಮೇಲೆದ್ದಿರುವುದಿಲ್ಲ. ಹಾಗಾಗಿ ಕುಂತಿ ನಕ್ಷತ್ರಪುಂಜದ ಐದು ಚಿಕ್ಕಿಗಳಿಂದ ಧ್ರುವವನ್ನು ಹುಡುಕಬೇಕಾಯಿತು. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ ಸಿಕ್ಕಿತು. "ಧ್ರುವ ಎಷ್ಟು ಎತ್ತರದಾಗ ಕಾಣತೈತಿ, ನಮ್ಮೂರಿನ ಅಕ್ಷಾಂಶ ಅಷ್ಟು. ನೀವೀಗ ಭೂಮಿ ಮ್ಯಾಲೆ ಎಲ್ಲಿ ನಿಂತೀರಿ ಅನ್ನೋದನ್ನ ಬರೇ ಕೈಲೆ ಅಳದೀರಿ ನೋಡ್ರಿ" ಎಂದರು ಮಾಸ್ತರರು. ಕಿತ್ತೂರಿನ ಅಕ್ಷಾಂಶ ಹದಿನೈದೂವರೆ ಡಿಗ್ರಿಯ ಸುಮಾರು. ಭೂಗೋಳ ಎಂಬ ವಿಷಯ ನನಗೆ ಅರ್ಥವಾದದ್ದು ಆ ರಾತ್ರಿ.

ಸಂಗೊಳ್ಳಿಯಲ್ಲಿ ಪರೀಕ್ಷೆ ಮಲಪ್ರಭೆಯ ಅಗಲ. ಹೊಳೆಗೆ ಇಳಿಯದೆ, ಹಗ್ಗ ಎಸೆಯದೆ ಹೇಳಬೇಕು. ಎದುರು ದಂಡೆಯ ಒಂದು ಮರ ಗುರುತಿಸಿಕೊಂಡು, ಅದರ ನೇರಕ್ಕೆ ಈ ದಂಡೆಯಲ್ಲೊಂದು ಕಲ್ಲು ಇಡುವುದು. ದಂಡೆಯುದ್ದಕ್ಕೆ ಇಪ್ಪತ್ತು ಹೆಜ್ಜೆ ನಡೆದು ಲಾಠಿ ನೆಡುವುದು, ಮತ್ತೆ ಇಪ್ಪತ್ತು ಹೆಜ್ಜೆ ಹೋಗುವುದು. ಅಲ್ಲಿಂದ ಹೊಳೆಗೆ ಬೆನ್ನು ಮಾಡಿ, ಲಾಠಿ ಮತ್ತು ಮರ ಒಂದೇ ಗೆರೆಗೆ ಬರುವ ತನಕ ಒಳಕ್ಕೆ ನಡೆದರೆ ಆ ದೂರವೇ ಹೊಳೆಯ ಅಗಲ. ನಾವು ಹೀಗೆ ಹಿಂದುಮುಂದು ನಡೆಯುವುದನ್ನು ನೋಡುತ್ತ ದನ ಕಾಯುವ ಹಿರಿಯರೊಬ್ಬರು ಬಂದರು. "ಏನ ಹುಡಕಾಕತ್ತೀರಿ ತಮ್ಮಾ?" ಎಂದರು. ಹೊಳೆ ಅಳೆಯುತ್ತಿದ್ದೇವೆ ಎಂದಾಗ ಅವರು ಮೆಚ್ಚಿ ತಲೆಯಾಡಿಸಿ, "ರಾಯಣ್ಣಗ ಈ ಹೊಳಿ, ಈ ಹಳ್ಳ, ಈ ಅಡವಿ ಎಲ್ಲಾ ಅಂಗೈಯಾಗ ಇತ್ತು. ಅದಕ್ಕ ಕುಂಪಣಿ ದಂಡಿಗೆ ಅಂವ ಸಿಗಲಿಲ್ಲ" ಎಂದರು.

ಅವರು ಹೇಳಿದ್ದು ಇತಿಹಾಸದ ಸಾರ. ಊರ ಕಾವಲಿನ ಶೇತಸನದಿಯಾಗಿದ್ದ ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಪತನದ ನಂತರ ಸಣ್ಣ ದಂಡು ಕಟ್ಟಿಕೊಂಡು ಗುಡ್ಡಗಾಡಿನಿಂದ ಹೋರಾಡಿದ. 1830ರಲ್ಲಿ ತನ್ನವರೇ ಮೋಸ ಮಾಡಿದಾಗಷ್ಟೇ ಸೆರೆಸಿಕ್ಕ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಬೇಡನ್ ಪೊವೆಲ್ ಸ್ಕೌಟಿಗೆ ಹೇಳಿದ ವಿದ್ಯೆಗಳು, ಗುರುತು ನೋಡಿ ನಡೆಯುವುದು, ನೆಲ ಅರಿಯುವುದು, ಸದ್ದಿಲ್ಲದೆ ಚಲಿಸುವುದು, ಇವನ್ನೆಲ್ಲ ಅದಕ್ಕೆ ಎಷ್ಟೋ ಮುಂಚೆ ನಮ್ಮ ಹೊಳೆದಂಡೆಯ ಒಬ್ಬ ಯುವಕ ಬದುಕಿ ತೋರಿಸಿದ್ದ. ಆ ಅರಿವು ನಮ್ಮ ದಳದ ಹುಡುಗರಿಗೆ ಕೊಟ್ಟ ಹೆಮ್ಮೆ ದೊಡ್ಡದು. ಸ್ಕೌಟಿಂಗ್ ಪರದೇಶದಿಂದ ಬಂದದ್ದೆಂಬ ಸಂಕೋಚ ಅಂದೇ ಬಿಟ್ಟುಹೋಯಿತು.

ದೊಡ್ಡ ಶಿಬಿರ ನಡೆಯುತ್ತಿದ್ದದ್ದು ಸೊಗಲದಲ್ಲಿ. ಬಯಲುಸೀಮೆಯ ನಡುವೆ ಥಟ್ಟನೆ ಎದುರಾಗುವ ಗುಡ್ಡ, ಅದರ ಕಣಿವೆಯಲ್ಲಿ ಮರಗಳು, ಬಂಡೆಯಿಂದ ಇಳಿಯುವ ನೀರು, ನೀರಿನ ಪಕ್ಕದಲ್ಲಿ ಸೋಮೇಶ್ವರನ ಗುಡಿ. ಎರೆಮಣ್ಣಿನಲ್ಲಿ ಬೆಳೆದ ನಮಗೆ ಅದು ಬೇರೆಯೇ ಲೋಕ. ಗುಡಾರ ಹೂಡುವ ಪಾಠವೂ ಅಲ್ಲಿ ಬೇರೆ. ನಮ್ಮ ಊರ ಹೊಲದಲ್ಲಿ ಗೂಟ ಸಲೀಸಾಗಿ ಇಳಿಯುತ್ತದೆ, ಮಳೆ ಬಂದರೆ ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ. ಸೊಗಲದ ಬಂಡೆನೆಲದಲ್ಲಿ ಗೂಟ ಇಳಿಯುವುದೇ ಇಲ್ಲ. ಅಲ್ಲಿ ಹಗ್ಗವನ್ನು ದೊಡ್ಡ ಕಲ್ಲುಗಳಿಗೆ, ಮರದ ಬೊಡ್ಡೆಗಳಿಗೆ ಕಟ್ಟಬೇಕು. ಕ್ಲೋವ್ ಹಿಚ್, ಬೋಲೈನ್ ಗಂಟುಗಳು ಕೈಗೆ ಹತ್ತಿದ್ದು ಆ ಅಗತ್ಯದಿಂದ. ಬಿದಿರು ಗಳಗಳನ್ನು ಬಿಗಿದು ಪಾತ್ರೆ ಇಡಲು ಅಟ್ಟ, ಲಾಠಿ ನಿಲ್ಲಿಸಲು ಚೌಕಟ್ಟು, ಬಾಗಿಲಿಗೆ ಕಮಾನು ಕಟ್ಟುತ್ತಿದ್ದೆವು. ಪ್ರತಿ ತಂಡಕ್ಕೂ ಒಂದು ಅಂಗಳ, ಒಂದು ಒಲೆ. ಬೆಳಿಗ್ಗೆ ತಪಾಸಣೆಗೆ ಮುಂಚೆ ಅಂಗಳ ಗುಡಿಸಿ ನೀರು ಚಿಮುಕಿಸಿರಬೇಕು.

ಊಟಕ್ಕೆ ಮನೆಯಿಂದ ಕಟ್ಟಿಸಿಕೊಂಡು ಬಂದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಮೊದಲ ಎರಡು ಹೊತ್ತಿಗೆ ಸಾಕಾಗುತ್ತಿದ್ದವು. ಎಳ್ಳಮವಾಸ್ಯೆಯ ಚರಗ ಚೆಲ್ಲಿ ಬಂದ ಮನೆಗಳ ಶೇಂಗಾ ಹೋಳಿಗೆಯೂ ಇರುತ್ತಿತ್ತು. ಎಲ್ಲರ ಬುತ್ತಿಯನ್ನೂ ಒಂದೇ ಅರಿವೆಯ ಮೇಲೆ ಸುರಿದು ಸಮ ಹಂಚುವುದು ಮಾಸ್ತರರ ಕಟ್ಟುನಿಟ್ಟು. ಯಾರ ಮನೆಯ ರೊಟ್ಟಿ ಯಾರ ಕೈಗೆ ಬಂತೆಂದು ಯಾರೂ ಕೇಳುವಂತಿರಲಿಲ್ಲ. ಊರಿನ ಕೇರಿಗಳಲ್ಲಿ ಬೇರೆ ಬೇರೆ ಕೂತು ಉಣ್ಣುತ್ತಿದ್ದ ಮಕ್ಕಳು ಸೊಗಲದ ಬಂಡೆಯ ಮೇಲೆ ಒಂದೇ ಸಾಲಲ್ಲಿ ಉಂಡರು. ನನ್ನ ಬದುಕಿನಲ್ಲಿ ಸಮಾನತೆ ಎಂಬುದು ಮೊದಲು ಅನುಭವಕ್ಕೆ ಬಂದದ್ದು ಅಲ್ಲಿ.

ಸೊಗಲದಲ್ಲಿ ಕ್ರಿ.ಶ. 980ರ ಶಾಸನವೊಂದಿದೆ. ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪನ ಕಾಲದ್ದು, ಅವನ ಸಾಮಂತ ರಟ್ಟರ ಕಾರ್ತವೀರ್ಯನನ್ನು ಹೆಸರಿಸುವಂಥದ್ದು. ಸಾವಿರ ವರ್ಷದ ಹಿಂದೆ ಇಲ್ಲಿ ಅಕ್ಷರ ಕೊರೆದವರ ಭಾಷೆ ನಾವು ಆಡುವ ಕನ್ನಡದ ಅಜ್ಜಿ ಎಂದು ಮಾಸ್ತರರು ಹೇಳಿದಾಗ ಅಕ್ಷರಗಳ ಮೇಲೆ ಬೆರಳಾಡಿಸಬೇಕೆನ್ನಿಸಿತು. ಅವರು ತಡೆದರು. ಶಾಸನಕ್ಕೆ ಸುಣ್ಣ ಬಳಿಯಬಾರದು, ಎಣ್ಣೆ ಹಚ್ಚಬಾರದು, ಹೆಸರು ಗೀಚಬಾರದು ಎಂಬ ನಿಯಮ ಅಂದೇ ನಮ್ಮ ಲಾಗ್ ಪುಸ್ತಕ ಸೇರಿತು. ರಾತ್ರಿ ಶಿಬಿರಾಗ್ನಿಯ ಸುತ್ತ ಹಾಡು, ಸೋಗು, ಸಂಗ್ಯಾ–ಬಾಳ್ಯಾದ ತುಣುಕು. ಬೈಲಹೊಂಗಲದಲ್ಲೇ ನಡೆದ ಘಟನೆಯ ಆಟವೆಂದು ಅದಕ್ಕೆ ನಮ್ಮಲ್ಲಿ ವಿಶೇಷ ಅಭಿಮಾನ.

ಸವದತ್ತಿಗೆ ನಾವು ಹೋದದ್ದು ಸೇವೆಗೆ, ಭಾರತ ಹುಣ್ಣಿಮೆಯ ಯಲ್ಲಮ್ಮನ ಜಾತ್ರೆಯಲ್ಲಿ. ಎತ್ತಿನ ಬಂಡಿಗಳ ಸಾಲು, ಉಧೋ ಉಧೋ ಎಂಬ ಕೂಗು, ಗಾಳಿಯಲ್ಲೆಲ್ಲ ಭಂಡಾರ. ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುವ ಜನಕ್ಕೆ ನೀರು ಕೊಡುವುದು, ಕಾಲು ಉಳುಕಿದವರಿಗೆ ಪಟ್ಟಿ ಕಟ್ಟುವುದು, ತಪ್ಪಿಸಿಕೊಂಡ ಮಕ್ಕಳನ್ನು ತಾಯಂದಿರಿಗೆ ಮುಟ್ಟಿಸುವುದು ನಮ್ಮ ಪಾಲು. ಸ್ಕಾರ್ಫನ್ನು ಬಿಚ್ಚಿ ತ್ರಿಕೋನ ಬ್ಯಾಂಡೇಜ್ ಮಾಡುವುದನ್ನು ನಿಜವಾಗಿ ಬಳಸಿದ್ದು ಅಲ್ಲಿಯೇ. ನನ್ನ ವಯಸ್ಸಿನ ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿ ಇದೆ ಎಂಬುದೂ ಅಲ್ಲಿ ಗೊತ್ತಾಯಿತು. ಅದನ್ನು ತಡೆಯುವ ದೇವದಾಸಿ ನಿಷೇಧ ಕಾಯಿದೆ ರಾಜ್ಯದಲ್ಲಿ ಬಂದದ್ದು 1982ರಲ್ಲಿ. ಭಕ್ತಿಯ ಜಾಗದಲ್ಲಿ ಕಣ್ಣು ತೆರೆದಿರಬೇಕು ಎಂಬ ಪಾಠವನ್ನು ಗುಡ್ಡ ಕಲಿಸಿತು. ಪರಸಗಡದ ಕೋಟೆಯಿಂದ ಸುತ್ತಲ ನೆಲ ನೋಡಿ ನಕ್ಷೆ ಬರೆಯುವುದು ಮರುದಿನದ ಕೆಲಸ.

ಆ ನಕ್ಷೆಯಲ್ಲಿ ಎದ್ದು ಕಾಣುತ್ತಿದ್ದದ್ದು ನೀರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಬಯಲಲ್ಲಿ ಹರಿದು ಬಂದು ಸವದತ್ತಿಯ ಬಳಿ ಗುಡ್ಡವನ್ನೇ ಸೀಳಿಕೊಂಡು ಹೋಗುತ್ತದೆ. ಆ ಇಕ್ಕಟ್ಟಿನ ಜಾಗ ನವಿಲುತೀರ್ಥ. ಇಕ್ಕೆಲದಲ್ಲೂ ಗಟ್ಟಿ ಬಂಡೆ, ನಡುವೆ ಕಿರಿದಾದ ಸಂದು. ಅಣೆಕಟ್ಟಿಗೆ ಇದಕ್ಕಿಂತ ತಕ್ಕ ಜಾಗ ಸಿಗದು. ನಮ್ಮ ಶಿಬಿರದ ಕಾಲಕ್ಕೆ ಅಣೆಕಟ್ಟು ಹೊಸದು. ಅದರ ಹಿಂದೆ ನಿಂತ ರೇಣುಕಾಸಾಗರ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಹಿನ್ನೀರಿನಲ್ಲಿ ಹೊಲ ಕಳೆದುಕೊಂಡವರ ಮಕ್ಕಳು ನಮ್ಮ ದಳದಲ್ಲೇ ಇದ್ದರು. ಕಾಲುವೆಯ ನೀರಿಗೆ ಕಾಯುವ ಊರಿನವರೂ ಇದ್ದರು. ಇಬ್ಬರ ಮಾತನ್ನೂ ಒಂದೇ ಬೆಂಕಿಯ ಮುಂದೆ ಕೇಳಿದ್ದರಿಂದ 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದಾಗ ಅದರ ಹಿಂದಿನ ಸಂಕಟ ನನಗೆ ಅಪರಿಚಿತವಾಗಿರಲಿಲ್ಲ. ಅಲ್ಲಿಂದ ಪೂರ್ವದ ಹೂಲಿಗೆ ನಡೆದೆವು. ಪಂಚಲಿಂಗೇಶ್ವರ ಗುಡಿಯ ಕಂಬಗಳ ನಡುವೆ ಆ ಮಧ್ಯಾಹ್ನದ ತಂಪು ಇನ್ನೂ ಮೈಗೆ ನೆನಪಿದೆ. ಪಾಳುಬಿದ್ದ ಗುಡಿಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆಗೆ ಏರಿಸಿದೆವು.

ರಾಮದುರ್ಗದ ದಾರಿಯಲ್ಲಿ ಸುರೇಬಾನದ ಬಳಿ ಶಬರಿಕೊಳ್ಳ. ಒಣ ಗುಡ್ಡದ ಕೊಳ್ಳದಲ್ಲಿ ನೀರಿನ ಸೆಲೆ, ಶಬರಿಯ ಗುಡಿ. ರಾಮನಿಗೆ ಹಣ್ಣು ಕೊಟ್ಟ ಮುದುಕಿ ಇಲ್ಲಿಯವಳೆಂದು ಆ ಸೀಮೆಯ ನಂಬಿಕೆ. ಕಲ್ಲುನೆಲದಲ್ಲಿ ನೀರು ಹುಡುಕುವುದು ಹೇಗೆ ಎಂಬುದು ಅಲ್ಲಿನ ಪಾಠ: ಹಸಿರು ಎಲ್ಲಿ ದಟ್ಟವಾಗಿದೆ, ಹಕ್ಕಿ ಸಂಜೆ ಎತ್ತ ಇಳಿಯುತ್ತದೆ, ದನದ ಕಾಲುದಾರಿಗಳು ಎಲ್ಲಿ ಕೂಡುತ್ತವೆ ನೋಡಬೇಕು. ರಾಮದುರ್ಗದಲ್ಲಿ ಭಾವೆ ಮನೆತನದ ಸಂಸ್ಥಾನವಿತ್ತು. 1939ರ ಏಪ್ರಿಲ್‌ನಲ್ಲಿ ಪ್ರಜೆಗಳು ಅಲ್ಲಿ ಸೆರೆಮನೆಗೆ ನುಗ್ಗಿದ್ದು, ರಕ್ತ ಹರಿದದ್ದು, ಹಿಂಸೆಯನ್ನು ಗಾಂಧೀಜಿ ಒಪ್ಪದೆ ಇದ್ದದ್ದು, ಇದನ್ನೆಲ್ಲ ಆಗ ಎಳೆಯರಾಗಿದ್ದ ಊರಿನ ಹಿರಿಯರೊಬ್ಬರು ನಮಗೆ ಹೇಳಿದರು. ಹೇಳುವಾಗ ಅವರು ಯಾರ ಪರವನ್ನೂ ವಹಿಸಲಿಲ್ಲ. ಸತ್ತವರೆಲ್ಲ ನಮ್ಮವರೇ ಎಂದರು. ಕೋಟೆ, ಗುಡಿ, ಅಣೆಕಟ್ಟುಗಳಷ್ಟೇ ಒಂದು ನಾಡಿನ ಹೆಗ್ಗುರುತುಗಳಲ್ಲ, ಹೀಗೆ ನೆನಪಿಟ್ಟುಕೊಂಡ ಮನುಷ್ಯರೂ ಹೌದು.

ಮುಂದೆ ಕೊಂಡಜ್ಜಿಯ ಶಿಬಿರಕ್ಕೂ ಹೋದೆ. ಸ್ಕೌಟ್ ಚಳವಳಿಗಾಗಿ ದುಡಿದ ಕೊಂಡಜ್ಜಿ ಬಸಪ್ಪನವರ ನೆನಪು ಆ ಜಾಗದ ತುಂಬ ಇದೆ. ಧ್ವಜಸ್ತಂಭ, ಕೆರೆಯ ಏರಿ, ಮರದ ನೆರಳು, ಸಾಲು ಗುಡಾರ. ರಾಜ್ಯದ ಬೇರೆ ಬೇರೆ ಕಡೆಯ ಹುಡುಗರು ಎಡಗೈ ಕುಲುಕಿ ಗೆಳೆಯರಾದರು. ಕಾಯಂ ತಾಣವೊಂದು ಇದ್ದರೆ ಎಷ್ಟು ಅನುಕೂಲ ಎಂಬುದು ಅಲ್ಲಿ ಕಂಡಿತು. ನೀರು, ಶೌಚಾಲಯ, ಅಡುಗೆಮನೆ, ಮಳೆ ಬಂದರೆ ಸೂರು, ಹೆಣ್ಣುಮಕ್ಕಳಿಗೂ ನಿರ್ಭಯವಾಗಿ ಉಳಿಯುವ ಏರ್ಪಾಡು. ನಮ್ಮ ಶಾಲೆಯ ಗೈಡ್ಸ್ ಹುಡುಗಿಯರಿಗೆ ಸೊಗಲದಲ್ಲಿ ರಾತ್ರಿ ಉಳಿಯುವ ಅವಕಾಶ ಸಿಕ್ಕಿರಲಿಲ್ಲ. ಅವರು ಸಂಜೆಯ ಬಸ್ಸಿಗೆ ಮರಳುತ್ತಿದ್ದರು. ಧ್ರುವ ನಕ್ಷತ್ರದ ಪಾಠ ಅವರಿಗೆ ತಪ್ಪಿತು.

ನಾನೂ ಮಾಸ್ತರನಾದೆ. ನನ್ನ ಕಾಲಕ್ಕೆ ಶಾಲೆಯ ಪ್ರವಾಸ ಬಸ್ಸಿನದಾಯಿತು. ಬೆಳಿಗ್ಗೆ ಕಿತ್ತೂರು, ಮಧ್ಯಾಹ್ನ ಸವದತ್ತಿಯ ಗುಡ್ಡ, ಸಂಜೆ ನವಿಲುತೀರ್ಥ, ಎಲ್ಲ ಕಡೆ ಫೋಟೊ. ಮಕ್ಕಳು ಎಲ್ಲವನ್ನೂ ನೋಡುತ್ತಾರೆ. ನೋಡಿದ್ದರಲ್ಲಿ ಉಳಿಯುವುದು ಕಡಿಮೆ. ನಡೆದ ದಾರಿ, ಅಳೆದ ಗೋಡೆ, ನೀರು ಕುಡಿದ ಸೆಲೆ ಮಾತ್ರ ಮನುಷ್ಯನೊಳಗೆ ಮನೆ ಮಾಡುತ್ತವೆ. ತನ್ನದೆನಿಸಿದ ಕಲ್ಲಿನ ಮೇಲೆ ಯಾವ ಹುಡುಗನೂ ಹೆಸರು ಗೀಚುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿ, ಸುರೇಬಾನದ ಕಡೆಯ ಮನೆಗಳು ಮುಳುಗಿದಾಗ ನನ್ನ ಹಳೆಯ ದಳದ ಕೆಲವರು ಮಧ್ಯವಯಸ್ಸು ದಾಟಿದ್ದರೂ ಹಗ್ಗ ಹಿಡಿದು ಹೋದರು. ಬೋಲೈನ್ ಗಂಟು ಅವರ ಕೈಗೆ ಮರೆತಿರಲಿಲ್ಲ.

ಆದ್ದರಿಂದ ನನ್ನದೊಂದು ಬಿನ್ನಹ. ಸೊಗಲದ ಬಳಿಯೋ ನವಿಲುತೀರ್ಥದ ಬಳಿಯೋ ಶಾಲಾ ಮಕ್ಕಳು ಗುಡಾರ ಹೂಡಲು ಒಂದಿಷ್ಟು ನೆಲ ಮೀಸಲಾಗಲಿ. ಅಲ್ಲಿ ಕುಡಿಯುವ ನೀರು, ಶೌಚಾಲಯ, ಹುಡುಗಿಯರಿಗೆ ಕಾವಲಿರುವ ತಂಗುದಾಣ ಇರಲಿ. ಊರ ಪಂಚಾಯಿತಿ, ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ. ಅದಾಗುವ ತನಕ ಮಾಸ್ತರರು, ಅಕ್ಕೋರು ಕಾಯುವುದು ಬೇಡ. ಈ ಚಳಿಗಾಲದಲ್ಲಿ ಒಂದು ದಿನ ಬಸ್ಸು ಬಿಟ್ಟು ಮಕ್ಕಳನ್ನು ಕಿತ್ತೂರಿಗೋ ಹೂಲಿಗೋ ನಡೆಸಿಕೊಂಡು ಹೋಗಿರಿ. ಕೈಗೊಂದು ಕೋಲು ಕೊಡಿರಿ, ಗೋಡೆಯ ಎತ್ತರ ಕೇಳಿರಿ. ಕತೆಯನ್ನು ಆಮೇಲೆ ಹೇಳಿರಿ.